ಕರಿಮಣಿ ಪೋಣಿಸಿದ ಸ್ಪಿನ್ನರು

ಮೊದಲ ಸಲ ಅದನ್ನು ಕಂಡಾಗ, ಯಾರದೋ ಕಿವಿಯ ಲೋಲಾಕು ನಮ್ಮ ಗ್ಯಾರೇಜಿಗೆ ಹೇಗೆ ಬಂತು ಎಂದುಕೊಂಡಿದ್ದೆ. ಬೆರಳುದ್ದದ ಉಕ್ಕಿನ ತಂತಿ, ತಂತಿಯಲ್ಲಿ ನಾಲ್ಕಾರು ಮಣಿ, ಮಣಿಗಳ ಮೇಲೆ ತೂಗುವ ಹಿತ್ತಾಳೆಯ ಎಲೆ, ಕೆಳತುದಿಯಲ್ಲಿ ಗಾಳದ ಕೊಕ್ಕೆ. ನನ್ನ ಗಂಡ ಅದಕ್ಕೆ ಸ್ಪಿನ್ನರ್ ಅಂದರು. ನೀರಿನಲ್ಲಿ ಎಳೆದರೆ ಆ ಎಲೆ ತಂತಿಯ ಸುತ್ತ ಗಿರಗಿರನೆ ತಿರುಗಿ ಮಿನುಗುತ್ತದೆ, ಸಾಲ್ಮನ್ ಮೀನು ಬಂದು ಕಚ್ಚುತ್ತದೆ. ತಿನ್ನಲಿಕ್ಕಲ್ಲವಂತೆ. ಸಮುದ್ರ ಬಿಟ್ಟು ತಾನು ಹುಟ್ಟಿದ ಹೊಳೆಯನ್ನು ಹುಡುಕಿಕೊಂಡು ಹೊರಟ ಸಾಲ್ಮನ್ ದಾರಿಯಲ್ಲಿ ಏನನ್ನೂ ತಿನ್ನುವುದಿಲ್ಲವಂತೆ.

"ಮತ್ತೆ ಕಚ್ಚೋದ್ಯಾಕೆ?"

"ಯಾರಿಗೊತ್ತು? ರೇಗುತ್ತೇನೋ."

ಹಸಿವೇ ಇಲ್ಲದ ಜೀವವನ್ನು ಒಂದು ಮಿನುಗು ತಿರುಗಿ ನೋಡುವಂತೆ ಮಾಡುತ್ತದೆ ಎನ್ನುವುದನ್ನು ನಾನು ಪಾತ್ರೆ ತೊಳೆಯುವಾಗಲೂ ನೆನೆಯುತ್ತಿದ್ದೆ.

ಹೀಗೆ ನಾನೂ ಆ ಕೆಲಸಕ್ಕೆ ಸೇರಿಕೊಂಡೆ. ಅವರು ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ಹಳೆಯ ಹಿತ್ತಾಳೆ ತಟ್ಟೆಯಿಂದ ಎಲೆಗಳನ್ನು ಕತ್ತರಿಸುತ್ತಿದ್ದರು. ಚಪ್ಪಟೆ ಎಲೆ ನೀರಿನಲ್ಲಿ ತಿರುಗುವುದಿಲ್ಲ, ಬೆನ್ನು ಉಬ್ಬಬೇಕು. ಅದಕ್ಕೆ ನನ್ನ ಶುಂಠಿ ಜಜ್ಜುವ ಕುಟ್ಟಾಣಿಯ ತಗ್ಗೇ ಸರಿಹೋಯಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಣ್ಣಿಗೆ ಕಾಣದಂಥ ಹೊಲಿಗೆ ಕಲಿಸಿದ್ದು ತಂತಿಯ ತುದಿಯನ್ನು ಇಕ್ಕಳದಲ್ಲಿ ಉಂಗುರದಂತೆ ಬಗ್ಗಿಸಿ ಬಿಗಿಯುವುದಕ್ಕೆ ಒದಗಿತು. ದೇವರ ದೀಪಕ್ಕೆ ನೆನೆಸಿದ ಹುಣಸೆಹಣ್ಣಿನಲ್ಲೇ ಎಲೆಗಳನ್ನೂ ಉಜ್ಜಿ ಒರೆಸುತ್ತಿದ್ದೆ.

ಅದೆಲ್ಲ ಈ ಕಡೆ ಮೀನು ಕಡಿಮೆಯಾಗಿ ಸಾಲ್ಮನ್ ಹಿಡಿಯುವುದನ್ನೇ ಸರ್ಕಾರ ನಿಲ್ಲಿಸುವುದಕ್ಕೆ ಮೊದಲಿನ ಮಾತು. ಆ ವರ್ಷ ಮಂಡ್ಯದಿಂದ ಅತ್ತೆ ವಾಲ್ನಟ್ ಕ್ರೀಕಿನ ನಮ್ಮ ಮನೆಗೆ ಬಂದಿದ್ದರು. ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ಮಾತು ಕಡಿಮೆ ಮಾಡಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಮಲಗಿ ಎಂದರೆ ಮಲಗುತ್ತಿದ್ದರು. ಗ್ಯಾರೇಜಿನಲ್ಲಿ ನಾವಿಬ್ಬರೂ ಕೂತಿದ್ದಾಗ ಮಾತ್ರ ಕರೆಯದೆಯೇ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ನನ್ನ ಗಂಡ ತಮ್ಮ ನೆಚ್ಚಿನ ಸ್ಪಿನ್ನರನ್ನು ರಿಪೇರಿಗೆಂದು ನನ್ನ ಕೈಗಿತ್ತರು. ಎಲೆ ತಡೆತಡೆದು ತಿರುಗುತ್ತಿತ್ತು. ಎಲೆಗೆ ಆಸರೆಯಾಗಿ ಅದರ ಕೆಳಗಿರುವ ಪ್ಲಾಸ್ಟಿಕ್ ಮಣಿಗಳು ಮರಳಿಗೆ ಸವೆದು ಗೀರುಗೀರಾಗಿದ್ದವು.

"ಗಾಜಿನ ಮಣಿ ಬೇಕಿತ್ತು," ಅಂದೆ. "ನುಣ್ಣಗಿರೋವು."

ಅತ್ತೆ ಎದ್ದು ಹೋದರು. ವಾಪಸು ಬಂದಾಗ ಅವರ ಕೈಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟಿತ್ತು. ಬಿಚ್ಚಿದರು. ಕರಿಮಣಿ. ತಾಳಿಯ ಚಿನ್ನವನ್ನು ನಾದಿನಿಗೆ ಕೊಟ್ಟಿದ್ದು ನನಗೆ ಗೊತ್ತಿತ್ತು, ಮಣಿಗಳನ್ನು ಇಟ್ಟುಕೊಂಡಿದ್ದು ಗೊತ್ತಿರಲಿಲ್ಲ.

"ಅವತ್ತು ಹೊಳೆಗ್ ಬುಡು ಅಂದ್ರು ಎಲ್ರೂವೆ," ಅಂದರು ಅತ್ತೆ. "ಕೈ ಬರ್ನಿಲ್ಲ. ಸೊಂಟದಲ್ ಸಿಗಸ್ಕಂಡು ಮನೆಗ್ ಬಂದ್ಬುಟ್ಟೆ. ತಗೋ, ಇವು ಆಯ್ತವಾ ನೋಡು."

"ಅತ್ತೆ, ಬೇಡಿ. ಇದು ನೀರಲ್ಲಿ ಕಳೆದುಹೋಗೋ ವಸ್ತು. ಅಂಗಡೀಲಿ ಬೇರೆ ಸಿಗುತ್ತೆ."

"ಸುಮ್ನೆ ಪೆಟ್ಟಿಗೇಲಿ ಕುಂತ್ಕಂಡು ಏನ್ ಮಾಡವು? ಒಂದ್ ಕೆಲ್ಸನಾರ ಮಾಡ್ಲಿ."

ಮಣಿಗಳನ್ನು ಅವರೇ ಆರಿಸಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಗೆ ಹಾಕಿದರು. ತಂತಿ ಅವುಗಳ ತೂತಿನಲ್ಲಿ ಅಳತೆ ಮಾಡಿದಂತೆ ಕೂತಿತು. ಬಾತ್‌ಟಬ್ಬಿಗೆ ನೀರು ಬಿಟ್ಟು ಮೂವರೂ ಬಗ್ಗಿ ನಿಂತೆವು. ಇವರು ಮೆಲ್ಲಗೆ ಎಳೆದರು. ಅಬ್ಬಾ! ಎಲೆ ತಿರುಗಿತು ಎನ್ನುವಂತಿರಲಿಲ್ಲ, ಎಲೆಯೇ ಕಾಣಲಿಲ್ಲ. ಅದಿದ್ದಲ್ಲಿ ಹೊಗೆಯಂಥ ಚಿನ್ನದ ಉಂಡೆಯೊಂದು ನೀರಿನೊಳಗೆ ತೇಲಿ ಹೋಯಿತು. ಬಿಳಿಯ ಟೈಲ್ಸಿನ ಮೇಲೆಲ್ಲ ಬೆಳಕು ಓಡಾಡಿತು. ನಾನು ಕೈಮುಗಿದುಬಿಟ್ಟೆ, ಯಾಕೆಂದು ನನಗೂ ತಿಳಿಯದು.

ಮರುದಿನ ಬೆನಿಶಿಯಾ ಎಂಬ ಊರಿನ ದಡಕ್ಕೆ ಹೋದೆವು. ಸಮುದ್ರದಿಂದ ಬರುವ ಸಾಲ್ಮನ್‌ಗಳೆಲ್ಲ ಅಲ್ಲಿನ ಕಿರಿದಾದ ನೀರಿನಲ್ಲೇ ಹಾದು ಮೇಲಿನ ಹೊಳೆಗಳಿಗೆ ಹೋಗಬೇಕು. ದಡದುದ್ದಕ್ಕೂ ಜನ ಮಡಚುವ ಕುರ್ಚಿ, ಬಕೆಟ್ಟು ಇಟ್ಟುಕೊಂಡು ಸಾಲಾಗಿ ಗಾಳ ಎಸೆಯುತ್ತಿದ್ದರು. ಇವರು ಬಹಳ ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದರೂ ಒಂದು ಸಾಲ್ಮನ್ ಕೂಡ ಸಿಕ್ಕಿರಲಿಲ್ಲ. ಆದರೆ ಅವತ್ತು ಇವರ ಎಸೆತ ನೋಡಿದರೆ ಮೀನು ಬೇಕಾದಂತೆಯೇ ಇರಲಿಲ್ಲ. ಸ್ಪಿನ್ನರು ನೀರಿಗೆ ಬಿದ್ದೊಡನೆ ಸರಸರನೆ ಸುತ್ತಿ ಎಳೆದುಕೊಳ್ಳುತ್ತಿದ್ದರು.

"ಯಾಕ್ಲಾ ನೀರ್ ಮ್ಯಾಲ್ಮ್ಯಾಲೇ ಸವರ್ತಾ ಇದ್ದೀಯ?" ಅತ್ತೆ ಕೇಳಿದರು. "ಮೀನು ಎಲ್ಲವೆ?"

"ತಳದಲ್ಲಿ."

"ಮತ್ತೆ?"

"ತಳದಲ್ಲಿ ಬಂಡೆನೂ ಇವೆ ಕಣವ್ವ. ಸಿಕ್ಕಾಕೊಂಡ್ರೆ ದಾರ ಕಿತ್ತೋಗುತ್ತೆ. ನಿನ್ ಮಣಿ..."

"ಮಣಿ ನಂದು. ಎದ್ರುಕೊಳಾದು ನೀನಾ? ಅಂಗ್ ಎದ್ರುಕೊಳಂಗಿದ್ರೆ ಮನೇಲೇ ಬಾತ್‌ಟಬ್ಬಲ್ ಹಿಡಿ, ಹೋಗು."

ಪಕ್ಕದಲ್ಲಿ ನಿಂತಿದ್ದ ನನಗೆ ನಗು ಬಂತು. ಆದರೆ ಸ್ಪಿನ್ನರು ದಡಕ್ಕೆ ಬಂದಾಗಲೆಲ್ಲ ಅತ್ತೆ ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಮಣಿಗಳನ್ನು ಸವರಿಯೇ ಕೊಡುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಅವರ ಮಗನ ಕಣ್ಣಿಗೂ ಬಿದ್ದಿರಬೇಕು.

ಕೊನೆಗೆ ಇವರು ಆಳಕ್ಕೆ ಬಿಟ್ಟರು. ಎರಡೆಳೆತ ಬರುವುದರಲ್ಲಿ ದಾರ ಬಿಗಿದು ನಿಂತಿತು. ಬಂಡೆ. ಇವರು ದಡದ ಮೇಲೆ ಅತ್ತ ನಡೆದು, ಇತ್ತ ನಡೆದು, ಗಾಳದ ಕೋಲನ್ನು ಅಲ್ಲಾಡಿಸಿ ಎಳೆದು ನೋಡಿದರು. ಅತ್ತೆ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು. ಇದ್ದಕ್ಕಿದ್ದಂತೆ ದಾರ ಸಡಿಲಾಗಿ ಸ್ಪಿನ್ನರು ಹಾರಿಬಂತು. ಎಲೆ ಸೊಟ್ಟಗಾಗಿತ್ತು, ತಂತಿ ಬಾಗಿತ್ತು, ಮಣಿಗಳು ಹಾಗೇ ಇದ್ದವು.

"ಸಾಕು ಕಣವ್ವ. ಬಿಚ್ಚಿ ಒಳಗಿಡು ಇದನ್ನ," ಅಂದರು ಇವರು.

ಅತ್ತೆ ಸ್ಪಿನ್ನರನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದಿದ್ದರು. ಆಮೇಲೆ ನನ್ನ ಕಡೆ ಚಾಚಿದರು. "ಸರಿ ಮಾಡ್ಕೊಡವ್ವ."

ಕಲ್ಲಿನ ಮೇಲೆ ಕೂತು ಇಕ್ಕಳದಿಂದ ತಂತಿಯನ್ನು ನೆಟ್ಟಗೆ ಮಾಡಿದೆ, ಎಲೆಯ ಬೆನ್ನನ್ನು ನುಣ್ಣನೆಯ ಬೆಣಚುಕಲ್ಲಿನಿಂದ ತಟ್ಟಿ ಉಬ್ಬಿಸಿದೆ. ಬಂಡೆಗೆ ಉಜ್ಜಿದ್ದ ದಾರವನ್ನು ನೋಡಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

"ಬುಡ್ಲಾ ಆಳಕ್ಕೆ," ಅಂದರು ಅತ್ತೆ.

ಇವರು ಎಸೆದರು. ಮುಳುಗಲು ಬಿಟ್ಟರು. ನಿಧಾನವಾಗಿ ಸುತ್ತಿದರು. ಕೋಲು ಬಿಲ್ಲಿನಂತೆ ಬಾಗಿತು, ಆದರೆ ಈ ಸಲ ದಾರ ತಾನಾಗಿಯೇ ಹೊಳೆಯ ಮೇಲ್ಮುಖವಾಗಿ ಓಡತೊಡಗಿತು. ಯಾರೋ "ಫಿಶ್ ಆನ್!", ಮೀನು ಕಚ್ಚಿದೆ, ಎಂದು ಕೂಗಿದರು. ಕೂಗು ಕೇಳಿದ್ದೇ ತಡ, ಸಾಲಿನ ಜನರೆಲ್ಲ ತಮ್ಮ ತಮ್ಮ ದಾರಗಳನ್ನು ಒಳಗೆಳೆದುಕೊಂಡು ಇವರಿಗೆ ನೀರು ಬಿಟ್ಟುಕೊಟ್ಟು ನಿಂತರು.

ಆಗ ಅದು ಎದ್ದಿತು. ಅಷ್ಟು ದೊಡ್ಡ ಜೀವ ಆ ಮಂಕು ನೀರಿನೊಳಗೆ ಇತ್ತೆಂದು ನಾನು ಹೇಗೆ ನಂಬಲಿ? ಬೆಳ್ಳಿಯ ಮೈ, ಬೆನ್ನ ಮೇಲೆ ಶಾಯಿ ಚಿಮುಕಿಸಿದಂಥ ಚುಕ್ಕೆ, ಬಾಲದ ತುದಿಯಿಂದ ಉದುರುವ ನೀರು. ಪೂರ್ತಿ ಮೈ ಗಾಳಿಯಲ್ಲಿತ್ತು. ದವಡೆಯ ಪಕ್ಕದಲ್ಲಿ ಹಿತ್ತಾಳೆಯ ಎಲೆ ಒಮ್ಮೆ ಮಿಂಚಿತು. ಅದರ ಕಣ್ಣು ನಮ್ಮ ಯಾರ ಕಡೆಗೂ ಇರಲಿಲ್ಲ, ತಾನು ಹೋಗಬೇಕಾದ ಕಡೆಗಿತ್ತು. ಬಿದ್ದ ಸದ್ದು ಎದೆಗೆ ಬಡಿಯಿತು. ಮರುಗಳಿಗೆ ಕೋಲು ನೆಟ್ಟಗಾಯಿತು. ತುಂಡಾದ ದಾರ ಗಾಳಿಯಲ್ಲಿ ಸುರುಳಿಯಾಗಿ ಆಡುತ್ತಿತ್ತು.

"ಅವ್ವ..." ಅಂದರು ಇವರು.

ಅತ್ತೆ ನೀರನ್ನೇ ನೋಡುತ್ತಿದ್ದರು. "ಎಂಥಾ ಮೀನ್ಲಾ ಅದು," ಅಂದರು, ಪಿಸುಮಾತಿನಲ್ಲಿ. "ಎಂಥಾ ಮೀನು!"

ಅಲ್ಲಿಂದ ಹೊರಟು ಕಾರು ಸೇತುವೆ ಹತ್ತಿತು. ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. "ಈಗ ಎಲ್ಲಿಗ್ ಹೋಗಿರ್ತದೆ?"

"ಎಡಗಡೆಗೆ. ಆ ರೈಲು ಸೇತುವೆ ದಾಟಿ ಮೇಲಕ್ಕೆ."

"ಆಮ್ಯಾಕೆ?"

"ಹೊಳೆ ಹಿಡ್ಕೊಂಡು ಹೋಗ್ತಾನೇ ಇರುತ್ತೆ, ಬೆಟ್ಟದ ಕಡೆ."

"ಬಾಯಿ ನೋಯಾಕಿಲ್ವಾ ಅದ್ಕೆ?"

"ಕೊಕ್ಕೆಗೆ ಒಳಮುಳ್ಳು ಇರಬಾರ್ದು ಅಂತ ಇಲ್ಲಿ ಕಾನೂನು. ಸ್ವಲ್ಪ ದಿನಕ್ಕೆ ತಾನೇ ಕಳಚಿ ಬೀಳುತ್ತೆ ಕಣವ್ವ, ಅಲ್ಲೆಲ್ಲೋ ಹೊಳೇಲಿ."

ಅತ್ತೆ ಎಡಗಡೆಯ ಕಿಟಕಿಗೆ ಮುಖವಿಟ್ಟು ನೋಡಿದರು. ಆಮೇಲೆ ಗಂಟಲಿನಲ್ಲೇ ಏನೋ ಸದ್ದು ಬಂತು. ಅಳುತ್ತಿದ್ದಾರೆಂದು ನಾನು ಗಾಬರಿಯಿಂದ ತಿರುಗಿದೆ. ಅವರು ನಗುತ್ತಿದ್ದರು.

"ನಿಮ್ಮಪ್ಪಂಗೆ ಈಜು ಬತ್ತಿರ್ನಿಲ್ಲ ಕಣ್ಲಾ," ಅಂದರು. "ಮೊಣಕಾಲುದ್ದ ನೀರಿದ್ರೂ ನನ್ ಸೆರಗ ಹಿಡ್ಕತಿದ್ರು. ಈಗ ನೋಡು, ಆ ಮೀನ್ ಜೊತೆ ಎಂಗ್ ಹೋಯ್ತಾ ಅವ್ರೆ!"