ಮೊರಕ್ಕೆ ಬಳಿದ ಮೂರು ಅಧ್ಯಾಯ

ನಮ್ಮ ಯಜಮಾನರ ಮೊದಲ ಕಾದಂಬರಿಯ ಮೂರು ಅಧ್ಯಾಯ ಗೆದ್ದಲು ಹಿಡಿದು ಹೋದವು ಎಂದು ಆ ಪುಸ್ತಕದ ಮುನ್ನುಡಿಯಲ್ಲಿದೆ. ಅವರೇ ಬರೆದದ್ದು. ಸುಳ್ಳು. ಗೆದ್ದಲಿಗೂ ಅದಕ್ಕೂ ಸಂಬಂಧವಿಲ್ಲ. ನಾನೇ ಮೆಂತ್ಯದ ಜೊತೆ ರುಬ್ಬಿ ಮೊರಕ್ಕೆ ಬಳಿದೆ.

ಯುದ್ಧದ ಕಾಲ. ಅವರು ಶಾಲೆಯ ಮೇಷ್ಟ್ರು. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ವರ್ಗವಾಗಿತ್ತು. ಕಾಗದ ಸಿಗುತ್ತಿರಲಿಲ್ಲ. ಹುಡುಗರ ಹಳೆಯ ಪರೀಕ್ಷೆ ಹಾಳೆಗಳನ್ನು ತಂದು ಅವುಗಳ ಬೆನ್ನಿಗೆ ಬರೆಯುತ್ತಿದ್ದರು. ಸಂಜೆ ನಾನು ಕಾಳು ಹಸನು ಮಾಡುವಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆವತ್ತು ಬರೆದಷ್ಟನ್ನೂ ಓದುತ್ತಿದ್ದರು. ಹೊಳೆಯಲ್ಲಿ ಹರಿಗೋಲು ಹಾಕಿ ಬದುಕುವ ಒಬ್ಬ ವಿಧವೆ, ಅವಳ ಹತ್ತಿರ ಸುಂಕ ವಸೂಲಿಗೆ ಬರುವ ಒಬ್ಬ ಸುಂಕದವನ ಕಥೆ. ನಾನು ಹೂಂಗುಟ್ಟುತ್ತಿದ್ದೆ. ಓದಿ ಮುಗಿಸಿ ಟ್ರಂಕಿನಲ್ಲಿ ಇಡುತ್ತಿದ್ದರು.

ನಮ್ಮ ಕಡೆ ಬಿದಿರಿನ ಹೊಸ ಮೊರವನ್ನು ಹಾಗೇ ಬಳಸುವುದಿಲ್ಲ. ಬೇಡದ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ ಬಳಿದರೆ ಸಂದು ಮುಚ್ಚಿ ರಾಗಿ ಸೋರುವುದಿಲ್ಲ. ಮೇಜಿನ ಕೆಳಗೆ ಒಂದು ಕಟ್ಟು ಬಿದ್ದಿತ್ತು. ಮೇಲಿನ ಹಾಳೆ ನೋಡಿದೆ. ಯಾವನೋ ಹುಡುಗನ ಉತ್ತರ, ಕೆಂಪು ಮಸಿಯಲ್ಲಿ ಹತ್ತಕ್ಕೆ ಮೂರು. ತಿರುಗಿಸಿ ನೋಡಲಿಲ್ಲ. ಎರಡನೇ ಕ್ಲಾಸಿನ ಓದು ನನಗಿತ್ತು. ಓದು ಬಾರದೆ ಆಯಿತು ಎಂದು ತಪ್ಪಿಸಿಕೊಳ್ಳಲಾರೆ.

ಮಧ್ಯಾಹ್ನ ಬಂದವರೇ ಹುಡುಕಿದರು.

"ಇಲ್ಲಿದ್ದ ಕಟ್ಟು ಎಲ್ಲೇ?"

"ಆ ಪರೀಕ್ಷೆ ಕಾಗ್ದವಾ? ಮೊರಕ್ಕೆ ಬಳಿದ್ಬುಟ್ಟೆ ಕಣ್ರೀ. ಬಿಸ್ಲಲ್ಲಿ ಒಣಗ್ತಾ ಅದೆ."

ಅಂಗಳಕ್ಕೆ ಹೋದರು. ಮೊರ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಬೂದಿಯಂಥ ನೀಲಿ ಬಣ್ಣ, ಒಂದಕ್ಷರವೂ ಇಲ್ಲ. ಅವರ ಮುಖ ನೋಡಿ ನನಗೆ ತಿಳಿಯಿತು.

"ಚೆನ್ನಾಗಿ ಬಳ್ದಿದ್ದೀಯ. ಈ ಅಂಚಲ್ಲಿ ಒಸಿ ದಪ್ಪ ಆಯ್ತು," ಅಂದರು.

"ಬೈದ್ಬುಡಿ ಅತ್ಲಾಗೆ."

"ಬೈದ್ರೆ ಮೊರ ಕಥೆ ಹೇಳ್ತದೇನೆ?"

ಮುಂದಿನ ವಾರ ಮೈಸೂರಿನಲ್ಲಿ ಅಚ್ಚಿಗೆ ಕೊಡಬೇಕಿತ್ತು; ತಿದ್ದಲೆಂದು ಆ ಮೂರು ಅಧ್ಯಾಯವನ್ನು ಟ್ರಂಕಿನಿಂದ ಹೊರಗೆ ತೆಗೆದಿಟ್ಟಿದ್ದರಂತೆ. ಸಂಜೆ ಅಚ್ಚಿನವರಿಗೆ ಕಾರ್ಡು ಬರೆದರು, ಪುಸ್ತಕ ಕೊಡಲಾಗುವುದಿಲ್ಲ ಎಂದು. "ಇನ್ನು ಕಾದಂಬರಿ ಸಾಕು ಕಣೆ. ಪದ್ಯ ಬರ್ಕೊಂಡಿರ್ತೀನಿ. ಪದ್ಯ ಆದ್ರೆ ಬಾಯಲ್ಲೇ ಇರ್ತದೆ, ಯಾರೂ ರುಬ್ಬಕ್ಕಾಗಲ್ಲ," ಎಂದು ನಕ್ಕರು. ಊಟಕ್ಕೆ ಕೂತವರು ಅರ್ಧ ಮುದ್ದೆಗೇ ಎದ್ದರು. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆ ಕಾರ್ಡನ್ನು ಒಲೆಗೆ ಹಾಕಿದೆ. ಅವರಿಗೆ ಕಾಫಿ ಕೊಟ್ಟು ಒಲೆಯ ಮುಂದೆ ಕೂರಿಸಿದೆ.

"ಬರ್ಕಳಿ. ಆ ಹೆಂಗ್ಸು ಸುಂಕದೋನಿಗೆ ಏನಂದ್ಲು, ಅವನೇನಂದ, ಎಲ್ಲಾ ನೆಪ್ಪದೆ ನಂಗೆ. ಹೊತ್ತು ಮುಳುಗಿದ್ದು, ನೀರು ಹೊಳ್ದಿದ್ದು ಗ್ಯಾನ ಇಲ್ಲ. ಅದ್ನ ನೀವೇ ಹಾಕ್ಕಳಿ."

ಅವರು ಎದ್ದು ಹೋಗಿ ಮಸಿಕುಡಿಕೆ ತಂದರು. ಶಾಲೆಯ ಗಂಟೆ ಹೊಡೆಯುವ ತನಕ ನಾನು ಸೊಪ್ಪು ಬಿಡಿಸುತ್ತ ಹೇಳಿದೆ.