ನಾಲ್ಕು ದಿನದ ಮುಯ್ಯಾಳು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪೊಲೀಸ್ ಜೀಪು ನಮ್ಮ ಅಂಗಳದಲ್ಲಿ ನಿಂತಿತು. ನಾಟಿಯ ದಿನಗಳಾದ್ದರಿಂದ ನಾನು ಶಾಲೆಗೆ ರಜೆ ಹಾಕಿದ್ದೆ.

ನನ್ನ ಗಂಡ ಹಾಲೆಂಡಿನವರು. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಅವರು ಇಲ್ಲಿದ್ದದ್ದು ಪ್ರವಾಸಿ ವೀಸಾದ ಮೇಲೆ. ಕಳಸದ ಹೈಸ್ಕೂಲಿನಲ್ಲಿ ಪಾಠ ಹೇಳಿ ಮನೆ ನಡೆಸುತ್ತಿದ್ದವಳು ನಾನು. ಅವರು ಯಾವ ಕೆಲಸಕ್ಕೂ ಸೇರುವಂತಿರಲಿಲ್ಲ. ವಿದೇಶಿ ಹೆಂಡತಿಗಾದರೆ ಪೌರತ್ವಕ್ಕೆ ಅರ್ಜಿ ಹಾಕುವ ದಾರಿಯಿತ್ತು, ವಿದೇಶಿ ಗಂಡನಿಗೆ ಇರಲಿಲ್ಲ. ಯಾಕೆಂದು ಕಚೇರಿಯಲ್ಲಿ ಕೇಳಿದರೆ, "ಹೆಣ್ಣು ಗಂಡನ ಮನೆಗೆ ಹೋಗೋದಲ್ವೇನಮ್ಮ ಪದ್ಧತಿ?" ಎಂದು ಗುಮಾಸ್ತರು ನನ್ನನ್ನೇ ಕೇಳಿದ್ದರು.

ದಫೇದಾರರು ಬಂದದ್ದು ವೀಸಾ ವಿಸ್ತರಣೆಯ ಅರ್ಜಿ ವಿಚಾರಿಸಲು. ಐದು ನಿಮಿಷದ ಕೆಲಸ. ಪಾಸ್‌ಪೋರ್ಟ್ ತರಲು ನಾನು ಒಳಗೆ ಹೋದೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ, ನಮಗೆ ಅನುಕೂಲವಾಗಲೆಂದು, ಬೇಲಿ ದಾಟಿ ಬಂದು ಗಂಡನನ್ನು ಹೊಗಳತೊಡಗಿದ್ದರು.

"ನಮ್ಮ ಅಳಿಯಂದ್ರು ಕೂತು ತಿನ್ನೋರಲ್ಲ ಸ್ವಾಮಿ. ನಾಲ್ಕು ದಿನ ನಮ್ಮ ಗದ್ದೇಲಿ ಕೆಸರಿಗಿಳಿದು ಅಂಚು ಕಡಿದಾರೆ. ನಾವಿನ್ನೂ ಅವ್ರಿಗೆ ನಾಲ್ಕು ಆಳು ಕೊಡಬೇಕು."

ಅದು ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತೇ ಇಲ್ಲ. ನಮ್ಮಪ್ಪನಿಂದ ಬಂದ ಅರ್ಧ ಎಕರೆಗೆ ಆಳು ಬರಬೇಕಾದರೆ ನಮ್ಮನೆಯಿಂದ ಮುಯ್ಯಿಗೆ ಹೋಗಲು ಗಂಡ ಒಬ್ಬರೇ ಇದ್ದದ್ದು. ನಾನು ಹೊರಬರುವಷ್ಟರಲ್ಲಿ ದಫೇದಾರರು ಬರೆದಾಗಿತ್ತು: ನಾಲ್ಕು ದಿನ ಕೆಲಸ, ಪ್ರತಿಫಲ ನಾಲ್ಕು ಆಳು. ಅಜ್ಜ ಅದಕ್ಕೆ ರುಜುವನ್ನೂ ಹಾಕಿದ್ದರು. ಒಂದೇ ಒಂದು ನಿಮಿಷ ಮೊದಲು ನಾನು ಹೊರಬಂದಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಮೂರನೆಯ ದಿನ ಜಿಲ್ಲಾ ಕಚೇರಿಯ ಕಾಗದ ಬಂತು. ಬಂದು ವಿವರಣೆ ಕೊಡಬೇಕು. ಕೆಲಸ ಮಾಡಿದ್ದು ನಿಜವಾದರೆ ಗಂಡ ದೇಶ ಬಿಡಬೇಕು. ಓದಿ ಹೇಳಿದೆ. ಅಜ್ಜನಿಗೆ ನಿಜಕ್ಕೂ ನೋವಾಯಿತು. ಆದ್ದರಿಂದ ಮರುದಿನ ಬೆಳಗಾಗುವ ಮೊದಲೇ ನಮ್ಮ ಗದ್ದೆಗೆ ನಾಲ್ಕು ಜನರನ್ನು ಇಳಿಸಿದರು.

"ಬಾಕಿ ತೀರಿಸಿಬಿಟ್ರೆ ಕೇಸೇ ಇಲ್ಲ ಮಾರಾಯ್ತಿ," ಎಂದರು.

ಪ್ರತಿಫಲಕ್ಕೆ ಪುರಾವೆಯೂ ಸಿಕ್ಕಂತಾಯಿತು. ಬೇಡವೆಂದು ಅಂಚಿನ ಮೇಲೆ ನಿಂತು ಗೋಗರೆದೆ. ಅಜ್ಜ ಬಯ್ಯುತ್ತಾರೆಂದು ನಾಲ್ವರೂ ಕೆಲಸ ಮುಗಿಸಿ, ನಮ್ಮಲ್ಲೇ ಊಟ ಮಾಡಿ ಹೋದರು.

ಚಿಕ್ಕಮಗಳೂರಿಗೆ ಅಜ್ಜ ತಾವೂ ಬರುತ್ತೇನೆಂದು ಹಟ ಹಿಡಿದರು. ಬಸ್ಸಿನಲ್ಲಿ, ಬಾಯಿ ತೆರೆಯುವುದಿಲ್ಲವೆಂದು ಅವರಿಂದ ಎರಡು ಸಲ ಮಾತು ತೆಗೆದುಕೊಂಡೆ. ಅಧಿಕಾರಿ ಕೇಳಿದ್ದು ಅವರನ್ನೇ: ಇವರ ಕೆಲಸಕ್ಕೆ ಏನು ಕೊಟ್ಟಿರಿ?

"ನಿಮ್ಮನೆ ಅಳಿಯಂದ್ರು ಗದ್ದೆಗಿಳಿದ್ರೆ ನೀವೇನು ಕೊಡ್ತೀರಿ ಸ್ವಾಮಿ?"

ಅಧಿಕಾರಿ ಪೆನ್ನು ಕೆಳಗಿಟ್ಟರು.

"ನಮ್ಮಳಿಯ ಗದ್ದೆಗಿಳಿಯಲ್ಲ ಮಾರಾಯ್ರೆ."

ಇನ್ನು ಮುಂದೆ ಯಾರ ಜಮೀನಿನಲ್ಲೂ ದುಡಿಯುವುದಿಲ್ಲವೆಂದು ಗಂಡನಿಂದ ಬರೆಸಿಕೊಂಡು ಕಡತವನ್ನು ಮೇಲಕ್ಕೆ ಕಳಿಸಿದರು. ತೀರ್ಮಾನ ಅಲ್ಲಿಂದ ಬರಬೇಕಿತ್ತು.

ಊರೆಲ್ಲ ಗದ್ದೆಯಲ್ಲಿದ್ದಾಗ ಆರಡಿ ಎತ್ತರದ ಮನುಷ್ಯ ಜಗಲಿಯಲ್ಲಿ ಕೂತಿರುತ್ತಿದ್ದರು. 'ಸರ್ಕಾರ ಸಾಕ್ತಿರೋ ಅಳಿಯ' ಎಂದು ದಾರಿಹೋಕರು ನಗುತ್ತಿದ್ದರು. ಅಜ್ಜನ ಹಸು ಹಗ್ಗ ಬಿಚ್ಚಿಕೊಂಡರೆ, ಹಿಡಿದು ಕಟ್ಟಬಹುದೇ ಎಂದು ಗಂಡ ನನ್ನನ್ನು ಕೇಳುವರು. ನನಗೇನು ಗೊತ್ತು? ರಾತ್ರಿ ಯಾವ ಜೀಪಿನ ಸದ್ದಾದರೂ ಇಬ್ಬರೂ ಎದ್ದು ಕೂರುತ್ತಿದ್ದೆವು.

ಕಾಫಿ ಹಣ್ಣಾಗುವ ಹೊತ್ತಿಗೆ, ಒಂದು ಬುಧವಾರ, ಆರು ತಿಂಗಳ ವಿಸ್ತರಣೆ ಬಂತು. ಕೆಲಸ ಕೂಡದೆಂಬ ಸಾಲು ಹಾಗೇ ಇತ್ತು. ಗುರುವಾರ ಬೆಳಿಗ್ಗೆ ಕಳಸದ ಮೊದಲ ಬಸ್ಸು ಮನೆಯ ಮುಂದೆ ಹಾರ್ನ್ ಮಾಡಿತಂತೆ. ನಿದ್ದೆಯಲ್ಲಿದ್ದ ನಮ್ಮಿಬ್ಬರಿಗೂ ಕೇಳಿಸಲಿಲ್ಲ.