ನಾಲಬಂದ್ ನಜೀರಾ ಮತ್ತು ಕುದುರೆಯ ಮಂಡಿ

ನ್ಯಾಮತಿಯ ನಜೀರಾಳಿಗೆ ಕೀಲುಮೂಳೆಗಳ ಪಾಠವಾದದ್ದು ಬಕ್ರೀದಿನ ಊಟದ ತಟ್ಟೆಯಲ್ಲಿ. ಎತ್ತು, ಕುದುರೆಗಳಿಗೆ ಲಾಳ ಕಟ್ಟುವ ಅವಳ ಅಪ್ಪ ನಾಲಬಂದ್ ಅಲ್ಲಾಬಕ್ಷ್, ಆಡಿನ ಹಿಂಗಾಲಿನ ಒಂದು ಮೂಳೆಯನ್ನೂ ಬಿಸಾಡಗೊಡದೆ ತೊಳೆದು ಮಗಳ ಮುಂದೆ ಸುರಿಯುತ್ತಿದ್ದರು. "ಜೋಡ್ಸು. ಮಂಡಿ ಯಾವ್ದು ತೋರ್ಸು." ಅವಳು ಹಿಂದಕ್ಕೆ ಚೂಪಾಗಿ ಬಾಗಿದ ಕೀಲನ್ನು ತೋರಿಸಿದರೆ ತಲೆಗೊಂದು ಮೊಟಕು. "ಅದು ಹಿಮ್ಮಡಿ ಕಣೆ! ಆಡು, ಕುದುರೆ ಎಲ್ಲಾ ತುದಿಗಾಲಲ್ಲೇ ನಿಂತಿರ್ತಾವೆ. ಮಂಡಿ ಮೇಲೈತೆ, ಹೊಟ್ಟೆ ಹತ್ರ."

ಮೊಟಕು ತಿಂದು ಕಲಿತದ್ದು ಮರೆಯುತ್ತದೆಯೇ? ಈಗ ನಜೀರಾಳಿಗೆ ನಲವತ್ತು, ಅಪ್ಪನಿಗೆ ಕಣ್ಣು ಮಂಜು. ಹನ್ನೆರಡು ವರ್ಷದಿಂದ ಸುತ್ತಿಗೆ ಅವಳ ಕೈಯಲ್ಲೇ ಇದೆ. ಆದರೂ ಬಂದವರೆಲ್ಲ ಅವಳನ್ನು ದಾಟಿ ಒಳಗೆ ಇಣುಕಿ, "ನಾಲಬಂದ್ ಇಲ್ವೇನಮ್ಮಾ?" ಎನ್ನುವವರೇ. ಅವಳಿಗೆ ರೇಗುತ್ತಿತ್ತು. ರೇಗದೆ ಇನ್ನೇನು?

ಕಳೆದ ಜನವರಿಯಲ್ಲಿ ಬಿಳಿಚೋಡಿನ ಕುರಿಗಾಹಿ ಗೋಣೆಪ್ಪನೂ ಹಾಗೆಯೇ ಕೇಳಿದ. ಕುರಿಮರಿ, ಪಾತ್ರೆಪಡಗ ಹೊರುವ ಅವನ ಹೆಣ್ಣುಕುದುರೆ ಬೆಳಗಿನಿಂದ ಒಂದು ಹಿಂಗಾಲನ್ನು ಹಿಂದಕ್ಕೆ ಚಾಚಿ ನಿಂತುಬಿಟ್ಟಿತ್ತು. ಮಂದೆ ತಂಗಿದ್ದ ಗದ್ದೆಗೆ ಸಂಜೆ ನೀರು ಬಿಡುವವರಿದ್ದರು. ನಡೆಯದಿದ್ದರೆ ಕುದುರೆಯ ಆಸೆ ಬಿಟ್ಟೇ ಹೊರಡಬೇಕಿತ್ತು.

ನಜೀರಾ ಅಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದಳು. ನೋಡಿದರೆ, ಗೋಣೆಪ್ಪ ಕೆಳಗಿನ ಕೀಲಿಗೆ ಔಡಲ ಎಲೆ ಸುತ್ತಿ ಬಿದಿರು ದಬ್ಬೆ ಬಿಗಿದಿದ್ದ.

"ಮಂಡಿ ಮುರಿದೈತೆ ರೀ," ಎಂದು ಅಲ್ಲಾಬಕ್ಷರಿಗೆ ಹೇಳಿದ. ಮುದುಕರು ಮಗಳತ್ತ ಮುಖ ತಿರುಗಿಸಿದರು.

"ಬಿಚ್ಚಿರಿ ಅದನ್ನ," ಎಂದಳು ನಜೀರಾ. "ನೀವು ಕಟ್ಟಿರೋದು ಹಿಮ್ಮಡಿಗೆ. ಏನೂ ಮುರಿದಿಲ್ಲ. ಮೇಲೆ ಮಂಡಿಚಿಪ್ಪು ತೊಡೆಮೂಳೆಗೆ ಸಿಕ್ಕೊಂಡೈತೆ, ಬಾಗಿಲಿಗೆ ಚಿಲಕ ಬಿದ್ದಂಗೆ."

"ಒದ್ದರೆ ಯಾರು ಹೊಣೆ?" ಗೋಣೆಪ್ಪ ಗೊಣಗಿದ. ಅವನ ಹೆಂಡತಿ ಅಜ್ಜಮ್ಮ, "ಸುಮ್ನಿರಿ ನೀವು," ಎಂದು ದಬ್ಬೆ ಕಿತ್ತೆಸೆದಳು.

ಗೊರಸಿನ ಮೇಲೆ ಹಗ್ಗ ಕಟ್ಟಿ ಅಜ್ಜಮ್ಮ ಕಾಲನ್ನು ಮುಂದಕ್ಕೆ ಎಳೆದಳು. ಗೋಣೆಪ್ಪ ಕಡಿವಾಣ ಹಿಡಿದು ಕುದುರೆಯನ್ನು ಹಿಂದಕ್ಕೆ ನೂಕಿದ. ನಜೀರಾ ಎರಡೂ ಅಂಗೈ ಊರಿ ಚಿಪ್ಪನ್ನು ಒಳಕ್ಕೆ, ಕೆಳಕ್ಕೆ ಒತ್ತಿದಳು. ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ. ಬೆವರು ಕಣ್ಣಿಗಿಳಿಯಿತು. ಮೂರನೇ ಸಲ ಅಂಗೈಯಡಿ 'ಟಕ್' ಎಂದಿತು.

ಕಾಲು ಮಡಚಿತು! ಕುದುರೆ ನಾಲ್ಕು ಹೆಜ್ಜೆ ಇಟ್ಟು, ಬಾಲ ಕೊಡವಿ, ಮಂದೆಯ ನಡುವೆ ನುಗ್ಗಿ ಓಡಿತು. ನಜೀರಾ ಚಪ್ಪಾಳೆ ತಟ್ಟಿ ಕೂಗಿಯೇಬಿಟ್ಟಳು. ಇಡೀ ಜನ್ಮದಲ್ಲಿ ಅವಳಿಗೆ ಅಷ್ಟು ಖುಷಿಯಾದದ್ದಿಲ್ಲ.

ಗೋಣೆಪ್ಪ ಒದ್ದೆಗಣ್ಣಲ್ಲಿ ಅಲ್ಲಾಬಕ್ಷರತ್ತ ತಿರುಗಿದ. "ನಾಲಬಂದರೇ, ಇವತ್ತೇ ಹೊರಡಬಹುದಾ?"

"ನನ್ನನ್ಯಾಕ್ರೀ ಕೇಳ್ತೀರಿ? ನಾಲಬಂದ್ ಅಲ್ಲಿ ನಿಂತಾಳೆ."

ಗೋಣೆಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಅವಳ ಮುಂದೆ ಬಂದು ನಿಂತ. "ನಾಲಬಂದಮ್ಮಾರೇ, ಹೊರಡಾಕೆ ಅಪ್ಪಣೆನಾ?"

"ಹೊರಡ್ರಿ," ಎಂದಳು ನಜೀರಾ. "ಮರಿಗಳನ್ನ ಮಾತ್ರ ಇವತ್ತು ನೀವೇ ಹೊರ್ರಿ."